ಕಪ್ಪೆಗಳು ಆರಿಸಿದ ನೆಲ

"ಮೇಡಂ, ತಡೀರಿ! ಜೀವ ಐತ್ರಿ ಇದರಾಗ!"

ನಬಿಸಾಬ ಸಲಿಕೆ ಬಿಸಾಕಿ ಹಿಂದಕ್ಕೆ ಜಿಗಿದ. ಬಾವಿಯಿಂದ ಹೆಣ ಎತ್ತಿದ ಮನುಷ್ಯ, ಕುಡಿದು ಕುಡುಗೋಲು ಬೀಸುವವನ ಕೈ ಹಿಡಿದ ಮನುಷ್ಯ. ಅಂಥ ಹೆಡ್ ಕಾನ್‌ಸ್ಟೇಬಲ್ ಈಗ ಮಣ್ಣಿನ ಹೆಂಟೆಯೊಂದು ಅಲುಗಾಡಿತು ಅಂತ ಬೆವರು ಒರೆಸಿಕೊಳ್ಳುತ್ತಿದ್ದ.

ಪಿ.ಎಸ್.ಐ. ರಾಜಶ್ರೀ ತಗ್ಗಿನೊಳಗೆ ಇಳಿದು ಆ ಹೆಂಟೆಯನ್ನು ಎತ್ತಿಕೊಂಡಳು. ಎರಡೂ ಹೆಬ್ಬೆರಳು ಒತ್ತಿ ಮೆಲ್ಲಗೆ ಬಿಡಿಸಿದಳು. ಒಳಗೊಂದು ಪುಟ್ಟ ಗೂಡು, ಬೆರಳಾಡಿಸಿ ಒರೆಸಿಟ್ಟಷ್ಟು ನುಣುಪು. ಗೂಡಿನ ತುಂಬ ಒಂದು ಕಪ್ಪೆ. ಉಬ್ಬಿದ ಕಡುಬಿನ ಹಾಗೆ ಗುಂಡಗೆ, ಕಣ್ಣು ಮುಚ್ಚಿ, ಕಾಲುಗಳನ್ನು ಹೊಟ್ಟೆಯಡಿ ಮಡಚಿಕೊಂಡು ಕೂತಿತ್ತು.

ಸತ್ತಿದೆ ಅಂದುಕೊಳ್ಳುವಷ್ಟರಲ್ಲಿ ಅದರ ಗಂಟಲ ಚರ್ಮ ಒಮ್ಮೆ ನಡುಗಿತು.

ರಾಜಶ್ರೀಗೆ ಮೈ ಜುಮ್ಮೆಂದಿತು. ಮೇ ತಿಂಗಳ ಬಿಸಿಲು. ತಾಂಬಾ ಊರಿನ ಕಪ್ಪು ಎರೆ ಹೊಲ ಕೈ ತೂರುವಷ್ಟು ಬಿರುಕು ಬಿಟ್ಟಿದೆ, ಬರಿಗಾಲಿಟ್ಟರೆ ಬೊಬ್ಬೆ ಏಳುತ್ತದೆ. ಕಣ್ಣು ಹಾಯುವ ತನಕ ಒಂದು ಹಸಿರು ಎಲೆ ಇಲ್ಲ. ಇಂಥ ನೆಲದ ಹೊಟ್ಟೆಯಲ್ಲಿ ಒಂದು ನೀರಿನ ಜೀವ ಆರಾಮಾಗಿ ಮಲಗಿದೆ ಅಂದರೆ!

"ಯಾ ಅಲ್ಲಾ," ಅಂದ ನಬಿಸಾಬ. "ಇದು ಹ್ಯಾಂಗ ಬದಕೈತ್ರಿ?"

ಕಳೆದ ಶ್ರಾವಣದಲ್ಲಿ ಕಾಣೆಯಾದ, ಗಾಳಿಯಿಂದ ಕರೆಂಟು ತೆಗೆಯುವ ಗಾಳಿಕಂಬದ ಕಂಪನಿಯ ಏಜೆಂಟ್, ಮನಗೂಳಿಯ ಅನೀಲಕುಮಾರನ ಬೈಕು ನಿನ್ನೆ ಇದೇ ತಗ್ಗಿನಲ್ಲಿ ಸಿಕ್ಕಿತ್ತು. ಅನೀಲಕುಮಾರ ಮಾತ್ರ ಸಿಕ್ಕಿರಲಿಲ್ಲ. ಹೊಲ ಊರಿನ ದೊಡ್ಡ ಹಿಡುವಳಿದಾರ ಬಸಂತರಾಯ ಗೌಡರದು. ಗೌಡರು ಮದುವೆಗೆಂದು ಬಸವನ ಬಾಗೇವಾಡಿಗೆ ಹೋದ ದಿನ, ಬಾಡಿಗೆ ಟ್ರ್ಯಾಕ್ಟರಿನವನು ನೇಗಿಲು ಹೊಡೆಯುತ್ತಿದ್ದಾಗ ಬೈಕಿನ ಹ್ಯಾಂಡಲ್ಲು ತಗುಲಿ ಖಣ್ ಅಂದಿತ್ತು.

ಆ ಖಣ್ ಅನ್ನುವ ಸದ್ದಿಗೆ ಸಿಕ್ಕಿಬಿದ್ದವನು ಕುರಿಗಾರ ಸಿದ್ಧರಾಮ.

ಯಾಕೆಂದರೆ ಹೋಳಿಹುಣ್ಣಿಮೆಯ ಸುಮಾರಿಗೆ ಇದೇ ಹೊಲದಲ್ಲಿ ಅವನು ಕುರಿ ತರುಬಿದ್ದ. ಹಿಂಡನ್ನು ರಾತ್ರಿಯೆಲ್ಲ ಹೊಲದಲ್ಲಿ ಕೂಡಿಸಿದರೆ ಹಿಕ್ಕೆ ಬಿದ್ದು ಭೂಮಿಗೆ ಗೊಬ್ಬರ. ಹೊಲದವರು ಅದಕ್ಕೆ ಕುರಿಗಾರನಿಗೆ ಜೋಳ ಕೊಡುತ್ತಾರೆ. ಗಾಯರಾಣದಲ್ಲಿ, ಅಂದರೆ ಊರಿನ ದನಕರು ಮೇಯುವ ಭೂಮಿಯಲ್ಲಿ, ಗಾಳಿಕಂಬ ನಿಲ್ಲಿಸುವ ವಿಷಯಕ್ಕೆ ಅವನಿಗೂ ಅನೀಲಕುಮಾರನಿಗೂ ಹೊಡೆದಾಟವಾಗಿದ್ದನ್ನು ಊರೇ ನೋಡಿತ್ತು. ಹಗೆ ಐತಿ, ಹೊಲದಾಗ ಇದ್ದ, ಗಾಡಿ ಅಲ್ಲೇ ಸಿಕ್ಕೈತಿ. ಇನ್ನೇನು ಬೇಕು? ಶ್ರಾವಣದಲ್ಲಿ ಕಾಣೆಯಾದವನು ಎಲ್ಲೋ ತಲೆಮರೆಸಿಕೊಂಡಿದ್ದು, ಹೋಳಿಗೆ ಮರಳಿ ಇವನ ಕೈಗೆ ಸಿಕ್ಕಿರಬೇಕು ಅಂತ ಠಾಣೆಯ ಲೆಕ್ಕ. ಸಂಜೆಯೊಳಗೆ ಅವನನ್ನು ಕೊಲೆ ಆರೋಪದ ಮೇಲೆ ಕೋರ್ಟಿಗೆ ಹಾಜರುಪಡಿಸಿ ಅಂತ ಮೇಲಿನವರು ಫೋನಿನಲ್ಲಿ ಹೇಳಿ ಆಗಿತ್ತು.

ದೂರದ ಬೇವಿನ ನೆರಳಲ್ಲಿ ಸಿದ್ಧರಾಮನ ತಾಯಿ ರೇವವ್ವ ಕೂತಿದ್ದಳು. ಬೆಳಿಗ್ಗೆ ಜೀಪಿನ ಬಾಗಿಲು ಹಿಡಿದು ಆಕೆ ಒಂದೇ ಮಾತು ಹೇಳಿದ್ದಳು: "ಬಾಯಾರ, ನನ ಮಗಾ ಇರಿವಿ ತುಳದವಲ್ಲ. ಅಂವ ಸಂಜೀಕ ಮನ್ಯಾಗ ಉಂಡ್ರ ನಾ ಉಣ್ತೇನಿ. ಇಲ್ಲಾಂದ್ರ ಇಲ್ಲ." ಅಷ್ಟು ಹೇಳಿ ಬಂದು ಕೂತವಳು ಒಂದು ಗುಟುಕು ನೀರೂ ಮುಟ್ಟಿರಲಿಲ್ಲ.

ರಾಜಶ್ರೀ ಕಪ್ಪೆಯನ್ನು ಅಂಗೈಯಲ್ಲಿಟ್ಟುಕೊಂಡೇ ತಗ್ಗಿನ ಮೇಲೆ ನಿಂತಿದ್ದವರ ಕಡೆ ತಿರುಗಿದಳು. "ಅಕ್ಕಾರ, ನಿನ್ನೆ ಗಾಡಿ ಎಳೆಯೂ ಮುಂದ ಇಂಥಾದ ಒಂದು ಕಂಡಿದ್ದೆ. ಅದಕ್ಕ ನಿಮಗ ಫೋನ್ ಹಚ್ಚಿದ್ದು."

ಸಿಂದಗಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ವಿದ್ಯಾವತಿ ಅಕ್ಕಾರು ರಾಜಶ್ರೀಗೆ ಬಿ.ಎಸ್ಸಿ.ಯಲ್ಲಿ ಪಾಠ ಮಾಡಿದವರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ವಯಸ್ಸು ಮರೆತು ತಗ್ಗಿಗೆ ಇಳಿದೇಬಿಟ್ಟರು. ಕಪ್ಪೆಯ ಹಿಂಗಾಲನ್ನು ಹೂವಿನ ಎಸಳು ಬಿಡಿಸುವಷ್ಟು ನಾಜೂಕಾಗಿ ಎತ್ತಿ ತೋರಿಸಿದರು.

"ಇಲ್ಲಿ ನೋಡು. ಹಿಮ್ಮಡಿ ಹತ್ರ ಗಟ್ಟಿ ಗಂಟು ಐತಲ್ಲ? ಇದ ಇದರ ಸಲಿಕಿ. ಮಳಿಗಾಲ ಮುಗಿಯೂ ಹೊತ್ತಿಗೆ ಹಸಿ ಮಣ್ಣು ಕೆದರಕೋತ ಹಿಂದ ಹಿಂದ ಸರದು ಒಳಗ ಇಳೀತೈತಿ. ಮ್ಯಾಲಿನ ಮಣ್ಣು ತಾನ ಮುಚ್ಚಿಕೋತೈತಿ. ಹೊಟ್ಟ್ಯಾಗ ನೀರು ತುಂಬಕೊಂಡು, ಉಸರು ಸಣ್ಣ ಮಾಡಿ, ಮುಂದಿನ ಮಳಿ ತನಕ ಹಿಂಗ ಮಲಗಿರತೈತಿ."

"ಉಣ್ಣೂದು?" ನಬಿಸಾಬನಿಗೆ ಅದೇ ಚಿಂತೆ.

"ಏನೂ ಇಲ್ಲ. ಕೈಕಾಲು ಆಡಸೂದಿಲ್ಲ, ಅದಕ್ಕ ಹಸಿವಿನೂ ಮಲಗಿರತೈತಿ."

"ಮತ್ತ ಮಳಿ ಬಂದದ್ದು ಹ್ಯಾಂಗ ಗೊತ್ತಾಗತೈತ್ರಿ?"

ಅಕ್ಕಾರು ಕಪ್ಪೆಯ ಕಾಲನ್ನು ಮೆಲ್ಲಗೆ ಮತ್ತೆ ಹೊಟ್ಟೆಯಡಿ ಮಡಚಿದರು. "ಹನಿ ನೆಲಕ್ಕ ಬಡಿಯೂ ಸಪ್ಪಳಕ್ಕ ಅಂತಾರ. ತೇವ ಇಳದ ಮ್ಯಾಲ ಅಂತಾರ. ಪೂರಾ ಗೊತ್ತಿದ್ದವರು ಯಾರೂ ಇಲ್ಲ, ನಬಿಸಾಬ. ಇಷ್ಟ ವರ್ಷ ನಾ ಬಾಟ್ಲಿಯಾಗಿನ ಸತ್ತ ಕಪ್ಪಿ ತೋರಿಸಿ ಪಾಠ ಹೇಳೇನಿ. ಮಣ್ಣಾಗ ಮಲಗಿದ್ದನ್ನ ಕಣ್ಣಿಲೆ ನೋಡಿದ್ದು ಇವತ್ತ ಮೊದಲು." ಅವರ ಕಣ್ಣು ಒದ್ದೆಯಾಗಿತ್ತು. ಅದನ್ನು ಮುಚ್ಚಿಡುವ ಗೋಜಿಗೂ ಅವರು ಹೋಗಲಿಲ್ಲ.

ಆಮೇಲೆ ಸಲಿಕೆ ಬದಿಗಿಟ್ಟು ಮೂವರೂ ಕೈಯಿಂದಲೇ ಕೆದಕಿದರು. ಬೈಕು ಎಳೆದ ಮೂಲೆ ಬಿಟ್ಟರೆ ತಗ್ಗಿನ ಉಳಿದ ಮಣ್ಣು ಮುಚ್ಚಿದ ಹಾಗೇ ಇತ್ತು. ಇಲ್ಲೊಂದು ಕಪ್ಪೆ. ಅದರ ಪಕ್ಕ ಇನ್ನೊಂದು. ಗೇಣು ಬಿಟ್ಟು ಮತ್ತೆರಡು. ಒಂದೊಂದೂ ತನ್ನ ಮೈಯಳತೆಯ ಕೋಣೆ ಕಟ್ಟಿಕೊಂಡು, ಸದ್ದಿಲ್ಲದೆ, ಲೋಕದ ಪರಿವೆ ಇಲ್ಲದೆ ಮಲಗಿತ್ತು. ರಾಜಶ್ರೀಗೆ ದನಿ ಎತ್ತಿ ಮಾತಾಡಲೂ ಸಂಕೋಚವಾಯಿತು. ಯಾರದೋ ಮನೆಯ ಮಲಗುವ ಕೋಣೆಗೆ ಹೇಳದೆ ಕೇಳದೆ ನುಗ್ಗಿದಂತಾಗಿತ್ತು.

"ಹೊಲದ ತುಂಬ ಹಿಂಗ ಇರತಾವೇನ್ರಿ ಅಕ್ಕಾರ?"

"ಅಗದ ನೋಡೂಣಂತ."

ಪೂರ್ವಕ್ಕೆ ಅಗೆಸಿದರು, ಪಶ್ಚಿಮಕ್ಕೆ ಅಗೆಸಿದರು, ಬದುವಿನ ಬುಡದಲ್ಲಿ ಅಗೆಸಿದರು. ಗುದ್ದಲಿ ಬಿದ್ದರೆ ಕಿಡಿ ಹಾರುವಂಥ ನೆಲ. ಎಲ್ಲೂ ಒಂದು ಕಪ್ಪೆ ಇರಲಿಲ್ಲ. ನಬಿಸಾಬನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು.

ವಿದ್ಯಾವತಿ ಅಕ್ಕಾರು ತಗ್ಗಿನ ಅಂಚಿನ ಮೇಲೆ ಕೂತು ನಕ್ಕರು. "ತಿಳೀತೇನು? ಗಟ್ಟಿ ನೆಲದಾಗ ಇಳೀಬೇಕಂದ್ರ ಪಾಪ, ಇವಕ್ಕ ಜೀವ ಹೋಗತೈತಿ. ಹೊಸದಾಗಿ ಅಗದು ಮುಚ್ಚಿದ ಮೆತ್ತಗಿನ ಮಣ್ಣು ಸಿಕ್ಕಿದ್ದ ತಡ, ಸುತ್ತಲಿನವು ಎಲ್ಲಾ ಇಲ್ಲೇ ಬಂದು ಬಿಡಾರ ಹೂಡ್ಯಾವ. ಗಾಡಿ ಹೂಳಿದಂವ ತನಗ ಗೊತ್ತಿಲ್ಲದ ಕಪ್ಪಿಗೆ ಮನಿ ಕಟ್ಟಿಕೊಟ್ಟಾನ."

ರಾಜಶ್ರೀ ತಗ್ಗಿನ ಮಣ್ಣನ್ನು ಹಿಡಿಯಲ್ಲಿ ಎತ್ತಿಕೊಂಡಳು. "ಅಂದ್ರ ಇವು ಇಳಿಯೂ ಮುಂದ ಈ ತಗ್ಗು ಅಗದು ಮುಚ್ಚಿ ಆಗಿತ್ತು. ಮಣ್ಣೂ ಹಸಿ ಇತ್ತು."

"ಅಷ್ಟ ಅಲ್ಲೇನು ಮತ್ತ."

ಹಸಿ ಇತ್ತು ಅಂದರೆ ಮಳೆಗಾಲ. ಹೋಳಿ ಅಲ್ಲ. ಮಳೆಗಾಲದಲ್ಲಿ ಸಿದ್ಧರಾಮ ತಾಂಬಾದಲ್ಲಿ ಇರಲೇ ಇಲ್ಲ! ಮಳೆ ಹಿಡಿದರೆ ಎರೆಯ ರಾಡಿ ಕುರಿಗಳ ಗೊರಸಿಗೆ ಮೆತ್ತಿಕೊಂಡು ಕಾಲು ಕೊಳೆಯುತ್ತವೆ. ಅದಕ್ಕೇ ಕುರಿಗಾರರು ಆಗ ಹಿಂಡು ಹೊಡೆದುಕೊಂಡು ಕಲ್ಲುಭೂಮಿ ಹುಡುಕಿ ಹೋಗುತ್ತಾರೆ. ಆಷಾಢದಿಂದ ದಸರೆಯ ತನಕ ಸಿದ್ಧರಾಮನ ಹಿಂಡು ಮುದ್ದೇಬಿಹಾಳದ ಕಡೆ ಇತ್ತು. ಅಲ್ಲಿ ಕುರಿಗಳಿಗೆ ಸೂಜಿ ಹಾಕಿದ ದನದ ಡಾಕ್ಟರು ನಿನ್ನೆಯೇ ಫೋನಿನಲ್ಲಿ ಹೌದು ಅಂದಿದ್ದರು. ಅಗೆದದ್ದು ಯಾವಾಗ ಅನ್ನುವುದೊಂದೇ ಗಂಟಾಗಿತ್ತು. ಆ ಗಂಟನ್ನು ಕಪ್ಪೆಗಳು ಬಿಚ್ಚಿದವು.

"ಏನ್ರಿ ಮೇಡಂ, ಕಪ್ಪಿ ತೂಗಾಕತ್ತೀರೇನು?"

ಬದುವಿನ ಮೇಲೆ ಬಸಂತರಾಯ ಗೌಡರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಧೋತರ, ತಲೆಯ ಮೇಲೆ ಕೊಡೆ, ಬಾಯಲ್ಲಿ ಎಲೆಯಡಿಕೆ. "ಕೊಲಿಗಡುಕನ್ನ ಠಾಣೇದಾಗ ಕುಂದ್ರಿಸಿ ಇಲ್ಲಿ ನನ್ನ ಹೊಲಾ ಹಾಳು ಮಾಡಾಕತ್ತೀರಿ. ಸರಕಾರದ ಪಗಾರ ಇದಕ್ಕೇನ್ರಿ?"

"ಬರ್ರಿ ಗೌಡ್ರ, ನಿಮ್ಮ ದಾರೀನ ನೋಡಾಕತ್ತಿದ್ದೆ," ಅಂದಳು ರಾಜಶ್ರೀ. "ಹೋಳಿಯಾಗ ಸಿದ್ಧರಾಮನ್ನ ಕುರಿ ತರುಬಾಕ ಕರದವರು ಯಾರು?"

"ನಾನ. ಅದರಾಗೇನು ತಪ್ಪು? ವರ್ಷಾ ಕರೀತೇನಿ."

"ವರ್ಷಾ ಹಿಂಡು ಎಲ್ಲಿ ಕೂಡಸಬೇಕು ಅನ್ನೂದು ಅವನ ಖುಷಿ. ಈ ವರ್ಷ ಮಾತ್ರ ನೀವ ಬಂದು ಹಿಂಡಿನ ಸುತ್ತ ಕಟ್ಟೂ ಬಲೀ ಗೂಟ ಹೊಡಸೀರಿ. ಈ ಮೂಲ್ಯಾಗ. ಸಿದ್ಧರಾಮ ನಿನ್ನೆಯಿಂದ ಅದನ್ನ ಹೇಳಾಕತ್ತಾನ. ಯಾರೂ ಕಿವ್ಯಾಗ ಹಾಕ್ಕೊಳ್ಳಲಿಲ್ಲ."

ಗೌಡರ ದವಡೆ ನಿಂತಿತು. "ಈ ಮೂಲಿ ಸೊರಗಿತ್ತು. ಗೊಬ್ಬರ ಬೀಳಲಿ ಅಂತ..."

"ಸೊರಗಿರಲಿಲ್ಲ, ಕುಸದಿತ್ತು. ಅಗದು ಮುಚ್ಚಿದ ಮಣ್ಣು ಮಳಿಗೆ ಕೂತು ತಗ್ಗು ಬಿದ್ದಿತ್ತು. ನಾಕ ಮಂದಿ ಕಣ್ಣಿಗೆ ಬೀಳೂದ್ರಾಗ ಹಿಂಡಿನ ಕಾಲ್ತುಳಿತ ಆಗಲಿ, ಮ್ಯಾಲ ಹಿಕ್ಕಿ ಮುಚ್ಚಲಿ ಅಂತ ಅವನ್ನ ಕರದ್ರಿ. ಜೋಳ ಕೊಟ್ಟು ಬಡವನ ಕೈಲೆ ನಿಮ್ಮ ತಪ್ಪು ಮುಚ್ಚಿಸಿದ್ರಿ. ಗಾಡಿ ಮ್ಯಾಲ ಬಂದ ಸುದ್ದಿ ಮುಟ್ಟಿದ ಕೂಡ್ಲೆ ಬಾಗೇವಾಡಿಯಿಂದನ ಫೋನ್ ಹಚ್ಚಿ ಅವನ ಹೆಸರನ ಹೇಳಿದ್ರಿ."

"ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ!" ಗೌಡರ ದನಿ ಏರಿತು. "ಹೋಳಿಯಾಗ ಅಂವ ಅಗದು ಹೂತಾನ. ಆಮ್ಯಾಲ ಈ ಕಪ್ಪಿ ಬಂದು ಹೊಕ್ಕಾವ. ಕಪ್ಪಿ ಬಂದದ್ದಕ್ಕ ನಾ ಏನ್ ಮಾಡ್ಲಿ?"

ವಿದ್ಯಾವತಿ ಅಕ್ಕಾರು ಎದ್ದು ನಿಂತರು. "ಹೋಳಿಯಿಂದ ಇಲ್ಲೀತನಕ ಒಂದು ಹನಿ ಬಿದ್ದೈತೇನ್ರಿ ಗೌಡ್ರ?"

ಗೌಡರು ಬಾಯೊಳಗಿನ ಎಲೆಯಡಿಕೆ ಉಗುಳಿದರು.

"ಒಣ ಮಣ್ಣಾಗ ಈ ಗೂಡು ನಿಂದರೂದಿಲ್ಲ. ಮುಟ್ಟಿ ನೋಡ್ರಿ, ಎಷ್ಟು ನುಣ್ಣಗ ಐತಿ. ಹಸಿ ಇದ್ದಾಗ ಕಪ್ಪಿ ಮೈ ಆಡಿಸಿ ಮಾಡಿದ್ದು. ಹೋಳಿ ಹೊತ್ತಿಗೆ ಅವು ಗಾಢ ನಿದ್ದ್ಯಾಗ ಇದ್ದುವು. ಆ ಬಿಸಲಾಗ ಹೊರಗ ಬಂದಿದ್ರ ಒಣಗಿ ಚಕ್ಕಳ ಆಗತಿದ್ದುವು."

ರಾಜಶ್ರೀ ಒಂದು ಕಪ್ಪೆಯನ್ನು ಎತ್ತಿಕೊಂಡು ಅಂಗೈ ಮುಂದೆ ಚಾಚಿದಳು. ಬಿಸಿಲಿನ ಬಿಸಿಗೋ ಏನೋ, ಕಪ್ಪೆ ಒಂದು ಕಣ್ಣು ತೆರೆಯಿತು. ಚಿನ್ನದ ಬಣ್ಣದ, ನಿದ್ದೆ ತುಂಬಿದ ಕಣ್ಣು. ಅದು ಗೌಡರ ಕಡೆಗೇ ಇತ್ತು.

ಏನು ಹೇಳಲಿ! ಪೊಲೀಸರ ಲಾಠಿಗೆ ಬಗ್ಗದವರು, ವಕೀಲರ ಮಾತಿಗೆ ಸೊಪ್ಪು ಹಾಕದವರು, ಆ ಒಂದು ಕಣ್ಣಿಗೆ ಕುಸಿದರು. ಕೊಡೆ ಕೈಜಾರಿತು. ಬಿಳಿ ಧೋತರದ ಗೊಡವೆ ಬಿಟ್ಟು ಗೌಡರು ಬದುವಿನ ಮೇಲೆ ಕೂತುಬಿಟ್ಟರು.

"ಗಾಡಿ ಹೂತಂವ ನಾನ," ಅಂದರು. "ಖರೇ. ಆದ್ರ ಆ ಮನಷ್ಯಾನ ಕೂದಲ ಸುದ್ದಾ ನಾ ಮುಟ್ಟಿಲ್ಲ. ನಮ್ಮ ಮನಿದೇವ್ರ ಆಣಿ."

"ಹಂಗಾದ್ರ ಹೂತದ್ದು ಯಾಕ?"

"ನನ್ನ ಹೊಲದಾಗ ಕಂಬ ಹಾಕ್ತೇನಿ ಅಂತ ಮಾತು ಕೊಟ್ಟು, ಗಾಯರಾಣಕ್ಕ ಹಾಕಸ್ತೇನಿ ಅಂತ ತಿರಗಿದ್ದ. ಸಿಟ್ಟಿನಾಗ ನಮ್ಮ ಆಳುಮಂದಿ ಮುಂದ ಅಂದೆ, ನಿನ್ನ ಇಲ್ಲೇ ಹೂತ ಹಾಕ್ತೇನಿ ಅಂತ. ಮರುದಿನ ಮುಂಜಾನೆ ಬಂದು ನೋಡಿದ್ರ ಅವನ ಗಾಡಿ ನನ್ನ ಬದುವಿಗೆ ಬಿದ್ದೈತಿ. ಕೀಲಿ ಅದರಾಗ ಐತಿ. ಮನಷ್ಯಾ ಇಲ್ಲ. ನೀವ ಹೇಳ್ರಿ, ಯಾರ ಮ್ಯಾಲ ಬರತಿತ್ತು? ಹೆದರಿದೆ. ಅಗದು ಮುಚ್ಚಿದೆ."

"ಕೂಗಬೇಕಾಗಿತ್ತು. ಹೂಳೂದಲ್ಲ."

"ಬುದ್ಧಿ ಗೇಡಾಗಿತ್ರಿ ಮೇಡಂ."

"ನಿಮ್ಮ ಬುದ್ಧಿ ಗೇಡಾಗಿದ್ದಕ್ಕ ಒಬ್ಬಾಕಿ ಮಗಾ ಫಾಶಿಗೆ ಹೊಂಟಿದ್ದ!" ರಾಜಶ್ರೀಗೆ ಸಿಟ್ಟು ತಡೆಯಲಿಲ್ಲ. "ಅದೂ ಬುದ್ಧಿ ಗೇಡೇನು?"

ಗೌಡರು ತಲೆ ತಗ್ಗಿಸಿದರು. ಅವರು ಸುಳ್ಳು ಹೇಳುತ್ತಿಲ್ಲ ಅಂತ ರಾಜಶ್ರೀಗೆ ಯಾಕೋ ಅನಿಸಿತು. ಗಾಡಿ ಹೂತವರು ಸಿಕ್ಕರು, ಸರಿ. ಗಾಡಿಯವನು ಎಲ್ಲಿ?

ಅಕ್ಕಾರು ಅಷ್ಟರಲ್ಲಿ ಒಂದೊಂದೇ ಕಪ್ಪೆಯನ್ನು ಅದರ ಗೂಡಿನಲ್ಲಿಟ್ಟು, ಮೇಲೆ ಮಣ್ಣು ಎಳೆಯುತ್ತಿದ್ದರು. ನಬಿಸಾಬ ಹೇಳದೆಯೇ ಕೂತು ಕೈಗೂಡಿಸಿದ.

ಇಂಡಿ ಪಟ್ಟಣದ ಠಾಣೆಯಲ್ಲಿ ಗೌಡರ ಹೇಳಿಕೆ ಬರೆಸಿಕೊಂಡು, ಮೇಲಿನವರಿಗೆ ಫೋನಿನಲ್ಲಿ ತಿಳಿಸಿ ಹೇಳಿ ಸಿದ್ಧರಾಮನನ್ನು ಹೊರಗೆ ಕರೆತರುವ ಹೊತ್ತಿಗೆ ಬಿಸಿಲು ಇಳಿದಿತ್ತು. ರೇವವ್ವ ಮಗನ ಮುಖ, ಭುಜ, ಕೈ ಎಲ್ಲ ಸವರಿ ನೋಡಿದಳು. ಆಮೇಲೆ ರಾಜಶ್ರೀಯ ಕಾಲಿಗೆ ಬೀಳಲು ಬಂದಳು.

"ಏಳ್ ಯವ್ವಾ, ಹಂಗ ಮಾಡಬ್ಯಾಡ."

"ಬಾಯಾರ, ನೀವು ನನ ಪಾಲಿನ ದೇವ್ರು. ನಮ್ಮ ಮನ್ಯಾಗ ರೊಟ್ಟಿ ಉಂಡ ಹೋಗಬೇಕು. ಒಲ್ಲೆ ಅಂದ್ರ ನನ್ನಾಣಿ."

ಆಣೆ ಹಾಕಿದ ಮೇಲೆ ಹೇಗೆ ಒಲ್ಲೆ ಅನ್ನುವುದು? ಅಕ್ಕಾರನ್ನೂ ಕೂಡಿಸಿಕೊಂಡು ಜೀಪು ತಾಂಬಾದ ದಾರಿ ಹಿಡಿಯಿತು.

ಊರು ಮುಟ್ಟುವ ಮುಂಚೆಯೇ ಸಿಂದಗಿಯ ದಿಕ್ಕಿನಿಂದ ಮೋಡ ಎದ್ದಿತು. ದೂಳು ತಿರುಗಿತು, ಗುಡುಗು ಉರುಳಿತು. ರೇವವ್ವನ ಹಟ್ಟಿಯ ಮುಂದೆ ಜೀಪು ನಿಲ್ಲುವುದಕ್ಕೂ ವರ್ಷದ ಮೊದಲ ಮಳೆ ದಬದಬ ಸುರಿಯುವುದಕ್ಕೂ ಸರಿಹೋಯಿತು. ಊರ ಹೊರಗಿನ ಒಂಟಿ ಮನೆ, ಪಕ್ಕದಲ್ಲಿ ಕುರಿದೊಡ್ಡಿ, ಸುತ್ತ ಜಾಲಿಮುಳ್ಳಿನ ಬೇಲಿ. ರೇವವ್ವ ನೆನೆಯುತ್ತಲೇ ಒಳಗೆ ಓಡಿದಳು, ಮಗನಿಗೆ ಬುಟ್ಟಿ ತುಂಬ ರೊಟ್ಟಿ ತರುವುದಕ್ಕೆ. ಉಳಿದವರು ಸೂರಿನ ಕೆಳಗೆ ಸರಿದು ನಿಂತರು. ಮಣ್ಣಿನ ವಾಸನೆಗೆ ಕುರಿಗಳೆಲ್ಲ ಮೂತಿ ಮೇಲೆತ್ತಿದ್ದವು.

ಮಳೆ ಎಷ್ಟು ರಭಸವಾಗಿ ಬಂತೋ ಅಷ್ಟೇ ಬೇಗ ಹನಿಗೆ ಇಳಿಯಿತು. ಆಗ ಶುರುವಾಯಿತು.

ಮೊದಲು ಎಲ್ಲೋ ದೂರದಲ್ಲಿ ಒಂದು ಕೂಗು. ಆಮೇಲೆ ಎರಡು ಕಡೆಯಿಂದ. ಆಮೇಲೆ ನಾಲ್ಕೂ ದಿಕ್ಕಿನಿಂದ! ತಿಂಗಳುಗಟ್ಟಲೆ ಸತ್ತಂತೆ ಬಿದ್ದಿದ್ದ ನೆಲಕ್ಕೆ ಒಮ್ಮೆಲೇ ಗಂಟಲು ಬಂದಿತ್ತು. ಬೇಲಿಯ ಬುಡದಲ್ಲಿ ಒಂದು ಕಪ್ಪೆ ಮಣ್ಣು ಒಡೆದು ತಲೆ ಹಾಕಿತು. ದೊಡ್ಡಿಯ ಬಾಗಿಲಲ್ಲಿ ಮತ್ತೊಂದು.

"ರಾಜಶ್ರೀ, ಇತ್ತಾಗ ಬಾ! ಲಗೂ ಬಾ!" ಅಕ್ಕಾರು ಹುಡುಗಿಯ ಹಾಗೆ ಕೂಗಿದರು. ಅವರು ದೊಡ್ಡಿಯ ಹಿಂದೆ ಹೋಗಿದ್ದರು.

ಅಲ್ಲಿ ನೆಲ ಕುದಿಯುತ್ತಿತ್ತು. ಹೌದು, ಕುದಿಯುತ್ತಿತ್ತು ಅನ್ನಬೇಕು. ಮಣ್ಣು ಉಬ್ಬುವುದು, ಬಿರಿಯುವುದು, ಅದರೊಳಗಿಂದ ಕೆಸರು ಮೆತ್ತಿದ ಒಂದು ಕಪ್ಪೆ ಕಣ್ಣು ಮಿಟುಕಿಸುತ್ತ ಹೊರಬರುವುದು. ಅದರ ಹಿಂದೆ ಇನ್ನೊಂದು. ಅದರ ಬೆನ್ನ ಮೇಲೆ ಮತ್ತೊಂದು. ಎಣಿಸಲು ಹೋದರೆ ಲೆಕ್ಕ ತಪ್ಪುತ್ತಿತ್ತು. ಅನ್ನ ನೀರು ಇಲ್ಲದೆ ಕತ್ತಲಲ್ಲಿ ಮಲಗಿದ್ದ ಜೀವಗಳು, ಯಾರೂ ಕರೆಯದೆ ಯಾರೂ ಎಬ್ಬಿಸದೆ, ಮಳೆಯ ಕರೆಗೆ ಓಗೊಟ್ಟು ಎದ್ದು ಬರುತ್ತಿದ್ದವು. ರಾಜಶ್ರೀ ತನ್ನ ಯೂನಿಫಾರ್ಮು, ಠಾಣೆ, ಕೇಸು ಎಲ್ಲ ಮರೆತು ಬಾಯಿ ತೆರೆದು ನಿಂತಳು. ಇಂಥದ್ದನ್ನು ನೋಡುವುದಕ್ಕೆ ಪುಣ್ಯ ಬೇಕು ಅನಿಸಿತು. ಕಣ್ಣಲ್ಲಿ ನೀರು ಬಂತು.

ಅದೇ ಒದ್ದೆ ಕಣ್ಣಿನಲ್ಲಿ ಆಕೆಗೆ ಕಂಡಿತು. ಕಪ್ಪೆಗಳು ಅಂಗಳದ ತುಂಬ ಏಳುತ್ತಿರಲಿಲ್ಲ. ಬೇರೆಲ್ಲ ಕಡೆ ಅಲ್ಲೊಂದು ಇಲ್ಲೊಂದು. ಇಲ್ಲಿ ಮಾತ್ರ ಒತ್ತೊತ್ತಾಗಿ, ಗೆರೆ ಕೊರೆದಂತೆ ಒಂದು ಪಟ್ಟಿಯೊಳಗೆ. ಅಗಲ ಕಡಿಮೆ. ಉದ್ದ ಒಬ್ಬ ಮನುಷ್ಯ ಮಲಗುವಷ್ಟು.

ರಾಜಶ್ರೀ ಒಂದು ಹೆಜ್ಜೆ ಹಿಂದೆ ಸರಿದಳು. ಪಕ್ಕಕ್ಕೆ ನೋಡಿದಳು. ಅಕ್ಕಾರ ನಗು ಮುಖದ ಮೇಲೇ ನಿಂತುಹೋಗಿತ್ತು. ಮೆತ್ತಗಿನ ಮಣ್ಣನ್ನು ಕಪ್ಪೆಗಳು ಹುಡುಕಿ ಬರುತ್ತವೆ ಅಂತ ಮಧ್ಯಾಹ್ನ ಹೇಳಿದವರು ಅವರೇ. ಮಳೆಗಾಲದಲ್ಲಿ ಸಿದ್ಧರಾಮ ಮುದ್ದೇಬಿಹಾಳದಲ್ಲಿದ್ದ ಅಂತ ಸಾಧಿಸಿ ಅವನನ್ನು ಬಿಡಿಸಿ ತಂದವಳು ರಾಜಶ್ರೀಯೇ. ಹಾಗಾದರೆ ಆಗ ಈ ಮನೆಯಲ್ಲಿ ಇದ್ದವರು ಯಾರು?

"ಅವ್ವಾ..." ಸಿದ್ಧರಾಮ ಅವರ ಹಿಂದೆಯೇ ಬಂದು ನಿಂತಿದ್ದ. ಅವನ ದನಿಯಲ್ಲಿ ಸಂಶಯ ಇರಲಿಲ್ಲ, ಬರೀ ಅಚ್ಚರಿ ಇತ್ತು. "ಅವ್ವಾ, ನಾ ಮುದ್ದೇಬಿಹಾಳಕ್ಕ ಹೋಗೂ ಮುಂದ ಇಲ್ಲಿ ಹಾಸಗಲ್ಲು ಇದ್ದುವಲ್ಲ? ಕಲ್ಲು ಒಡದಾವಂತ ತಗಸೇನಿ ಅಂದಿದ್ದಿ. ಇದನ್ನ ಯಾರು ಅಗದ್ರು?"

ರೇವವ್ವ ರೊಟ್ಟಿಯ ಬುಟ್ಟಿ ಹಿಡಿದು ದೊಡ್ಡಿಯ ಮೂಲೆಯಲ್ಲಿ ನಿಂತಿದ್ದಳು. ಏಳುತ್ತಿದ್ದ ಕಪ್ಪೆಗಳನ್ನು ನೋಡಿದಳು, ರಾಜಶ್ರೀಯನ್ನು ನೋಡಿದಳು. ಓಡಲಿಲ್ಲ, ಅಳಲಿಲ್ಲ. ಮಗನ ಹತ್ತಿರ ಬಂದು ಬುಟ್ಟಿಯನ್ನು ಅವನ ಕೈಗೆ ಕೊಟ್ಟು, ಸೆರಗಿನಿಂದ ಅವನ ತಲೆಯ ಮಳೆನೀರು ಒರೆಸಿದಳು.

"ಮೊದಲ ಉಂಡುಬಿಡಪ್ಪ ನೀ," ಅಂದಳು. "ಬಾಯಾರ, ಅಂವ ಉಣ್ಣೂ ತನಕ ಒಂದೀಟು ತಡೀರಿ. ಎಲ್ಲಾ ಹೇಳ್ತೇನಿ. ನಮ್ಮ ಗಾಯರಾಣ ಉಳಸಾಕ ಇದನ್ನ ಅಗದಾಕಿ ನಾ ಒಬ್ಬಾಕೀನ ಅಲ್ಲ."